ಒತ್ತಕ್ಷರಕ್ಕೆ ಜಾಗ ಬಿಡುವ ಪುಸ್ತಕ

ನೀರ್ಚಾಲು, 26 ಜುಲೈ 2025, ಶನಿವಾರ

ತುಳುವರ ಆಟಿ ತಿಂಗಳ ಅಮಾವಾಸ್ಯೆ ಕಳೆದು ಎರಡು ದಿನ. ಅಂದು ಕುಡಿದ ಹಾಲೆ ಮರದ ತೊಗಟೆಯ ಕಷಾಯದ ಕಹಿ ನಾಲಗೆಯಿಂದ ಹೋಗಿದೆ, ಮಳೆ ಹೋಗಿಲ್ಲ. ತೋಟಕ್ಕೆ ಇಳಿಯುವಂತಿಲ್ಲದ ಕಾರಣ ಬೆಳಗ್ಗಿನ ಬಸ್ಸಿಗೆ ಕಾಸರಗೋಡಿಗೆ ಹೋಗಿ, ಬುಲೆಟ್ ಜರ್ನಲಿಗೆಂದು, ಅಂದರೆ ಕೆಲಸಗಳನ್ನು ಸಣ್ಣ ಗುರುತುಗಳೊಂದಿಗೆ ಬರೆದಿಡುವ ದಿನಚರಿಗೆಂದು, ಹೊಸ ಪುಸ್ತಕ ತಂದೆ. ಒಂದು ಪುಸ್ತಕ ಆರಿಸಲು ಅರ್ಧ ದಿನ ಹಿಡಿಯಿತು. ಅಷ್ಟು ಹೊತ್ತು ಬೇಕೇ ಬೇಕಿತ್ತು.

ಹಳೆಯದು ಜೂನ್ ಮುಗಿಯುವ ಮೊದಲೇ ಕೈಕೊಟ್ಟಿತ್ತು. ಬೆನ್ನಿಗೆ ಬರೀ ಅಂಟು ಬಳಿದು ಜೋಡಿಸಿದ ಪುಸ್ತಕ ಅದು. ತೇವಕ್ಕೆ ಅಂಟು ಸಡಿಲಗೊಂಡು ಮೇ ತಿಂಗಳ ಹಾಳೆಗಳು ಒಂದೊಂದಾಗಿ ಕಳಚಿಕೊಂಡವು. ಅಡಿಕೆಗೆ ಮೊದಲ ಸಿಂಪಡಣೆ ಯಾವ ದಿನ ಮುಗಿಯಿತು, ಯಾವ ಸಾಲಿನ ಮರಗಳು ಉಳಿದವು ಎಂದು ಬರೆದಿಟ್ಟ ಹಾಳೆಯೇ ಸಿಗದಾಗ ನಾನು ಕಂಗಾಲಾದೆ. ಕೊಳೆರೋಗ ತಡೆಯಲು ಮೈಲುತುತ್ತು, ಸುಣ್ಣ, ನೀರು ಬೆರೆಸಿದ ಬೋರ್ಡೋ ದ್ರಾವಣ ಮಳೆಗಾಲಕ್ಕೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಗೊನೆಗಳಿಗೆ ಬೀಳಬೇಕು. ಆ ಲೆಕ್ಕ ನನಗೆ ಕಾಗದದ ಮೇಲೆಯೇ ಇರಬೇಕು.

ನ್ಯೂಯಾರ್ಕಿನ ವಿನ್ಯಾಸಕಾರ ರೈಡರ್ ಕ್ಯಾರಲ್ 2013ರಲ್ಲಿ ಜನರ ಮುಂದಿಟ್ಟ ಈ ಬುಲೆಟ್ ಜರ್ನಲ್ ಕ್ರಮ ಬಹಳ ಸರಳ. ಕೆಲಸಕ್ಕೆ ಚುಕ್ಕಿ, ಕಾರ್ಯಕ್ರಮಕ್ಕೆ ಸೊನ್ನೆ, ಟಿಪ್ಪಣಿಗೆ ಅಡ್ಡಗೆರೆ. ಮುಗಿದ ಕೆಲಸದ ಚುಕ್ಕಿಯ ಮೇಲೆ ಕತ್ತರಿ ಗುರುತು, ಮುಂದಕ್ಕೆ ಹಾಕಿದ್ದಕ್ಕೆ ಬಾಣದ ಮೊನೆ. ಪುಟಗಳಿಗೆ ಸಂಖ್ಯೆ, ಮೊದಲಲ್ಲಿ ಪರಿವಿಡಿ. ಅಚ್ಚಾದ ದಿನಾಂಕಗಳಿಲ್ಲದ ಕಾರಣ ವರ್ಷವನ್ನು ಜನವರಿಯಿಂದಲೇ ಎಣಿಸಬೇಕಾಗಿಲ್ಲ. ಏಪ್ರಿಲಿನ ಹೊಸವರ್ಷವಾದ ಬಿಸುವಿನಿಂದ ಆರಂಭಿಸಬಹುದು, ಇಂದಿನ ಹಾಗೆ ಆಟಿಯ ನಡುವೆಯೂ ಆರಂಭಿಸಬಹುದು. ತೋಟ ಇರುವವರಿಗೆ ಇದು ಹೇಳಿ ಮಾಡಿಸಿದ ಕ್ರಮ ಎಂದೇ ನನ್ನ ನಂಬಿಕೆ.

ಈ ಕ್ರಮ ಅನುಸರಿಸುವವರು ಹೆಚ್ಚಾಗಿ ಹೊಗಳುವುದು ಚುಕ್ಕಿ ಹಾಳೆಯನ್ನು. ಐದು ಮಿಲಿಮೀಟರಿಗೊಂದು ಮಸುಕು ಚುಕ್ಕಿ. ಬರೆಯಲೂ ಆಗುತ್ತದೆ, ಕೋಷ್ಟಕ ಎಳೆಯಲೂ ಆಗುತ್ತದೆ. ಅಂಗಡಿಯಲ್ಲಿ ಅಂಥ ಪುಸ್ತಕವೊಂದಿತ್ತು, ಎ5 ಅಳತೆ, ನೋಡಿದರೆ ಆಸೆಯಾಗುವಷ್ಟು ಚಂದ. ತೋರಿಸಲೆಂದು ಬಿಚ್ಚಿಟ್ಟಿದ್ದ ಪ್ರತಿಯ ಕೊನೆಯ ಪುಟದಲ್ಲಿ ಬರೆದು ನೋಡಲು ಅಂಗಡಿಯವರು ಒಪ್ಪಿದರು. ಮೊದಲ ಸಾಲಿನಲ್ಲಿ ‘ಮೈಲುತುತ್ತು 1 ಕೆಜಿ’ ಎಂದು ಬರೆದೆ, ಅದರ ಕೆಳಗೆ ‘ಸುಣ್ಣ 1 ಕೆಜಿ’, ಅದರ ಕೆಳಗೆ ‘ನೀರು 100 ಲೀಟರ್’. ‘ತ್ತು’ವಿನ ಒತ್ತು ಕೆಳಗಿಳಿದು ‘ಸುಣ್ಣ’ದ ತಲೆಕಟ್ಟಿಗೆ ತಾಗಿತು. ‘ಣ್ಣ’ದ ಒತ್ತು ‘ನೀ’ಯ ಗುಡಿಸಿನ ಮೇಲೆಯೇ ಕುಳಿತಿತು. ಮೂರು ಸಾಲು ಒಂದಕ್ಕೊಂದು ಹೆಣೆದುಕೊಂಡು ಯಾವುದು ಯಾರ ಒತ್ತೆಂದು ಹುಡುಕಬೇಕಾಯಿತು.

ಐದು ಮಿಲಿಮೀಟರ್ ಇಂಗ್ಲಿಷಿಗೆ ಸಾಕಾಗಬಹುದು, ಕನ್ನಡಕ್ಕೆ ಸಾಲದು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಬೇಕು. ಎರಡು ಚುಕ್ಕಿಗೊಂದು ಸಾಲು ಬರೆದರೆ 210 ಮಿಲಿಮೀಟರ್ ಎತ್ತರದ ಪುಟದಲ್ಲಿ ಇಪ್ಪತ್ತೊಂದೇ ಸಾಲು. ಅಂಚು ಬಿಟ್ಟರೆ ಇನ್ನೂ ಕಡಿಮೆ. ಅಂಗಡಿಯ ಹುಡುಗನಿಗೆ ಇದನ್ನು ವಿವರಿಸಿದಾಗ ಅವನು ಮಲಯಾಳದಲ್ಲಿ, ತನ್ನ ಅಜ್ಜಿಯ ಕೈಬರಹವೂ ಹೀಗೆಯೇ ಒಂದರ ಮೇಲೊಂದು ಏರಿರುತ್ತಿತ್ತು ಎಂದ. 1971ರ ಲಿಪಿ ಸುಧಾರಣೆಯ ಬಳಿಕ ಮಲಯಾಳದ ಎಷ್ಟೋ ಸಂಯುಕ್ತಾಕ್ಷರಗಳನ್ನು ಬಿಡಿಸಿ ಬರೆಯುವ ರೂಢಿ ಬಂತು. ನಮ್ಮ ಒತ್ತು ಮಾತ್ರ ಇದ್ದಲ್ಲೇ ಇದೆ, ಅಲ್ಲಿಯೇ ಇರಲಿ. ಅದಕ್ಕೆ ಜಾಗ ಕೊಡುವ ಪುಸ್ತಕ ಹುಡುಕುವುದು ನನ್ನ ಕೆಲಸ.

ಹಾಗಾಗಿ ಎಂಟು ಮಿಲಿಮೀಟರ್ ಅಂತರದ ಗೆರೆ ಪುಸ್ತಕಕ್ಕೆ ಬಂದೆ. ಕೋಷ್ಟಕ ಬೇಕಾದಾಗ ಸ್ಕೇಲು ಹಿಡಿದು ಉದ್ದಗೆರೆ ಎಳೆದರೆ ಆಯಿತು.

ಮುಂದಿನದು ಕಾಗದ. ಶಾಲಾ ಪುಸ್ತಕಗಳ ಕಾಗದ ಸಾಮಾನ್ಯವಾಗಿ 60 ಜಿಎಸ್‌ಎಂ ಆಸುಪಾಸಿನದು, ಅಂದರೆ ಒಂದು ಚದರ ಮೀಟರ್ ಕಾಗದ ಅಷ್ಟು ಗ್ರಾಂ ತೂಗುತ್ತದೆ. ನಾನು ಬಳಸುವುದು ಶಾಯಿ ಪೆನ್ನು, ಆದ್ದರಿಂದ 80ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆದರೆ ತೂಕವೊಂದನ್ನೇ ನಂಬಲಾಗದು. ಜಪಾನಿನ ತೊಮೊಯೆ ರಿವರ್ ಕಾಗದ 52 ಜಿಎಸ್‌ಎಂನಷ್ಟು ತೆಳುವಾಗಿದ್ದರೂ ಶಾಯಿಯನ್ನು ಹಿಂದಕ್ಕೆ ಬಿಡುವುದಿಲ್ಲ. ಕಾಗದಕ್ಕೆ ಕೊಡುವ ಲೇಪದ ಗುಣ ಅದು. ನಮ್ಮ ಕರಾವಳಿಯಲ್ಲಿ ಇನ್ನೊಂದು ಕಷ್ಟವಿದೆ. ಗಾಳಿಯ ತೇವವನ್ನು ಕಾಗದದ ನಾರು ಹೀರಿಕೊಳ್ಳುತ್ತದೆ, ಮಾರ್ಚ್‌ನಲ್ಲಿ ಚೊಕ್ಕವಾಗಿ ನಿಂತ ಗೆರೆ ಜುಲೈಯಲ್ಲಿ ಬೇರುಬಿಟ್ಟಂತೆ ಹರಡುತ್ತದೆ. ಪುಸ್ತಕದ ಪರೀಕ್ಷೆಯನ್ನು ಮಳೆಗಾಲದಲ್ಲಿ ಮಾಡುವುದೇ ಸರಿ. ಈ ಗೆರೆ ಪುಸ್ತಕದಲ್ಲಿ ಇಂದು ಬರೆದು ನೋಡಿದ ‘ಸುಣ್ಣ’ದ ಅಂಚು ಸ್ವಚ್ಛವಾಗಿ ನಿಂತಿತು. ಹಾಳೆ ಮಗುಚಿದರೆ ಹಿಂಬದಿಯಲ್ಲಿ ನೆರಳು ಮಾತ್ರ ಕಂಡಿತು, ಕಲೆ ಇರಲಿಲ್ಲ.

ಕೊನೆಗೆ ಬೆನ್ನು. ಪುಸ್ತಕವನ್ನು ಮುಚ್ಚಿ, ಬೆನ್ನನ್ನು ಮೇಲಿನಿಂದ ನೋಡಿದರೆ ಮಡಚಿದ ಹಾಳೆಗಳ ಸಣ್ಣ ಸಣ್ಣ ಕಂತೆಗಳು ಕಾಣಬೇಕು. ಒಂದು ಕಂತೆಯ ನಡುವೆ ತೆರೆದರೆ ಬಿಳಿ ನೂಲಿನ ಹೊಲಿಗೆ ಕಾಣಬೇಕು. ಇದರಲ್ಲಿ ಎರಡೂ ಇದ್ದವು. ಮೇಜಿನ ಮೇಲಿಟ್ಟು ಕೈ ತೆಗೆದೆ, ಅಂಗಾತ ಬಿದ್ದುಕೊಂಡಿತು.

ರಾತ್ರಿ ಊಟದ ನಂತರ ಪುಟಗಳಿಗೆ ಸಂಖ್ಯೆ ಬರೆಯುತ್ತಾ ಕುಳಿತೆ, 1ರಿಂದ 60ರ ವರೆಗೆ. ಪರಿವಿಡಿಗೆ ನಾಲ್ಕು ಪುಟ ಬಿಟ್ಟೆ. ಐದನೆಯ ಪುಟದ ಮೊದಲ ಚುಕ್ಕಿಯ ಮುಂದೆ ‘ಎರಡನೆಯ ಸಿಂಪಡಣೆ, ಕೆಳಗಿನ ತೋಟ’ ಎಂದು ಬರೆದೆ. ಹತ್ತು ಹದಿನೈದು ದಿನ ತಡವಾಗಿದೆ, ಅದೇ ದೊಡ್ಡ ಚಿಂತೆ. ಮೈಲುತುತ್ತು, ಸುಣ್ಣ ಎರಡೂ ಮನೆಗೆ ಬಂದಿವೆ. ಮರ ಏರುವವರೂ ಒಪ್ಪಿದ್ದಾರೆ, ಮಳೆ ಬಿಟ್ಟ ಹೊಳವು ಒಂದು ಸಿಗಬೇಕು. ಹಂಚಿನ ಮೇಲೆ ಮಳೆಯ ಸದ್ದು ಇನ್ನೂ ಜೋರಾಯಿತು. ಚುಕ್ಕಿಯನ್ನು ಬಾಣದ ಮೊನೆಯಾಗಿ ತಿದ್ದಿ, ಮುಂದಿನ ಪುಟದಲ್ಲಿ 27, ಭಾನುವಾರ ಎಂದು ಬರೆದು ಅದೇ ಸಾಲನ್ನು ಮತ್ತೆ ಬರೆದೆ.