ಬಿಳಿ ಗೆರೆಗಳ ಹಿಂದೆ ಒಂದು ಭಾನುವಾರ

ಕುಂಚ, ಶಾಯಿ ಹಿಡಿದು ಗೆರೆ ಎಳೆಯುತ್ತಾ ಮಧ್ಯಾಹ್ನದ ಹೊತ್ತಿಗೆ 40 ಹಾಳೆ ಮುಗಿಸಿದ್ದೆ. ಜೀವ ಇರೋ ಗೆರೆ ಒಂದೂ ಬಂದಿರಲಿಲ್ಲ.

ಹಿಂದಿನ ರಾತ್ರಿ ಅಮೆರಿಕದ ಚಿತ್ರಕಾರ ಮಾರ್ಕ್ ಟೋಬಿಯ ‘ಬ್ರಾಡ್‌ವೇ’ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ದೆ. ಕತ್ತಲ ಮೇಲೆ ಬಿಳಿ ಗೆರೆಗಳು, ಅವಸರದಲ್ಲಿ ಗೀಚಿದ ಪತ್ರದ ಹಾಗೆ, ಆದರೆ ಕಣ್ಣು ಅಲ್ಲೇ ಇಟ್ಟರೆ ನ್ಯೂಯಾರ್ಕಿನ ರಾತ್ರಿ ಬೀದಿ, ದೀಪ, ಜನಜಂಗುಳಿ ಒಂದೊಂದಾಗಿ ಎದ್ದು ಬರುತ್ತವೆ. ಬೆಳಗ್ಗೆ ಎದ್ದವನೇ ಅದೇ ಗೆರೆಗಳನ್ನು ನಕಲು ಮಾಡಲು ಕೂತೆ. ಅಲ್ಲೇ ನಾನು ಎಡವಿದ್ದು.

ಟೋಬಿ ಕಲಿತದ್ದು ಆಕಾರವನ್ನಲ್ಲ, ಕೈಯ ಚಲನೆಯನ್ನು. ವಿಸ್ಕಾನ್ಸಿನ್‌ನಲ್ಲಿ 1890ರಲ್ಲಿ ಹುಟ್ಟಿ ಸಿಯಾಟಲ್‌ಗೆ ಬಂದ ಇವರು, ಅಲ್ಲಿ ಓದುತ್ತಿದ್ದ ಚೀನೀ ಕಲಾವಿದ ಟೆಂಗ್ ಕ್ವೇ ಹತ್ತಿರ 1923ರ ಸುಮಾರಿಗೆ ಚೀನೀ ರೀತಿಯಲ್ಲಿ ಕುಂಚ ಹಿಡಿಯೋದು ಕಲಿತರು. ಆ ರೀತಿಯಲ್ಲಿ ಮರ ಅಂದರೆ ನೆಲದಲ್ಲಿ ನಿಂತ ದಿಮ್ಮಿಯಲ್ಲ, ಕುಂಚ ಒತ್ತುವುದು ಮತ್ತು ಸಡಿಲ ಬಿಡುವುದು, ಅಷ್ಟೇ. 1934ರಲ್ಲಿ ಶಾಂಘೈಗೆ ಹೋದರು, ಜಪಾನಿನ ಕ್ಯೋಟೋದ ಝೆನ್ ಬೌದ್ಧ ಮಠದಲ್ಲಿ ಸುಮಾರು ಒಂದು ತಿಂಗಳು ಇದ್ದರು. ‘ಬಿಳಿ ಬರಹ’ ಅಂತ ಕರೆಯುವ ಈ ಬಿಳಿ ಗೆರೆಗಳ ಶೈಲಿ ಹುಟ್ಟಿದ್ದು ಅದರ ಮುಂದಿನ ವರ್ಷ, ಇಂಗ್ಲೆಂಡಿನ ಡಾರ್ಟಿಂಗ್ಟನ್‌ನಲ್ಲಿ ಪಾಠ ಮಾಡುತ್ತಿದ್ದಾಗ. ಹಾಗೆ ಕುಂಚ ಹಿಡಿದು ಹನ್ನೆರಡು ವರ್ಷ ಆದ ಮೇಲೆ! ನಾನು ಒಂದು ಬೆಳಗ್ಗೆಯಲ್ಲಿ ಅದನ್ನು ಕೇಳುತ್ತಿದ್ದೆ.

ಊಟದ ನಂತರ ಚಿತ್ರವನ್ನು ಪಕ್ಕಕ್ಕಿಟ್ಟೆ. ಸುಮ್ನೆ ‘ಳ’ ಬರೆಯುತ್ತಾ ಹೋದೆ. ಒತ್ತಿದಾಗ ಕುಂಚದ ಹೊಟ್ಟೆ ಅಗಲವಾಗಿ ಶಾಯಿ ಕೆರೆಯಂತೆ ನಿಲ್ಲುತ್ತೆ, ಎತ್ತುತ್ತಾ ಬಂದರೆ ಒಂದು ಕೂದಲಿನಷ್ಟಾಗುತ್ತೆ, ವೇಗ ಜಾಸ್ತಿಯಾದರೆ ಮಧ್ಯೆ ಮಧ್ಯೆ ಕಾಗದದ ಬಿಳುಪು ಇಣುಕುತ್ತೆ. ಎಷ್ಟನೆಯದೋ ಸಾಲಿನಲ್ಲಿ ಅಕ್ಷರ ಕಳೆದುಹೋಗಿ ಬರೀ ತಿರುವು ಉಳಿಯಿತು. ಓದೋಕೆ ಏನೂ ಇಲ್ಲ, ಆದರೂ ಅದು ಬರಹವೇ ಅಲ್ವಾ?

ಟೋಬಿಯನ್ನು, ನೆಲಕ್ಕೆ ಹಾಸಿದ ದೊಡ್ಡ ಕ್ಯಾನ್ವಾಸ್ ಮೇಲೆ ಬಣ್ಣ ಚಿಮುಕಿಸಿ ಚಿತ್ರ ಮಾಡುತ್ತಿದ್ದ ಅಮೆರಿಕದ ಜಾಕ್ಸನ್ ಪೊಲಾಕ್ ಜೊತೆ ಇಟ್ಟು ನೋಡುವವರು ತುಂಬಾ ಜನ. ಅಂಚಿನಿಂದ ಅಂಚಿಗೆ ಹಬ್ಬಿದ ಗೆರೆ ಇಬ್ಬರಲ್ಲೂ ಇದೆ, ನಿಜ. ಆದರೆ ಪೊಲಾಕ್ ಚಿತ್ರದಲ್ಲಿ ಇಡೀ ಮೈ ಓಡಾಡಿದೆ. ಟೋಬಿಯದು ಹೆಚ್ಚಾಗಿ ಮಣಿಕಟ್ಟಿನ ಅಳತೆ, ಪತ್ರ ಓದುವಷ್ಟು ಹತ್ತಿರ ಹೋಗಿ ನೋಡಬೇಕು. ನನಗೆ ಆ ಸಣ್ಣ ಅಳತೆಯೇ ಇಷ್ಟ. 1958ರಲ್ಲಿ ವೆನಿಸ್ ಬಿಯೆನಾಲೆ ಅನ್ನೋ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ದೊಡ್ಡ ಬಹುಮಾನ ಬಂದಾಗ ಅವರಿಗೆ 67 ವರ್ಷ. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ನೆಲೆಸಿದರು, 1976ರಲ್ಲಿ ಅಲ್ಲೇ ತೀರಿಕೊಂಡರು.

ಸಂಜೆ ಹಾಳೆಗಳನ್ನೆಲ್ಲ ಜೋಡಿಸುವಾಗ ಒಂದರ ಎಡ ಮೂಲೆಯಲ್ಲಿ ಬೆರಳುದ್ದದ ಗೆರೆ ಕಂಡಿತು. ಕುಂಚ ಒರೆಸಿಕೊಳ್ಳುವಾಗ ಬಿದ್ದದ್ದಿರಬೇಕು. ದಪ್ಪಗೆ ಶುರುವಾಗಿ, ಒಮ್ಮೆ ಹೊರಳಿ, ಒಣಗುತ್ತಾ ಹೋಗಿತ್ತು. ಆ ಹಾಳೆಯನ್ನು ಮಾತ್ರ ಗೋಡೆಗೆ ಅಂಟಿಸಿದ್ದೇನೆ.