ಅಪ್ಪ-ಅಮ್ಮನ್ನ ಕೇದಾರಕ್ಕೆ ಕರ್ಕೊಂಡು ಹೋಗಬಹುದಾ?

ಶಿವರಾತ್ರಿ ಮುಗಿಯಿತು ಅಂದರೆ ನನ್ನ ಫೋನಿಗೆ ಈ ಪ್ರಶ್ನೆ ಬರುವುದು ಶುರು. ಕೇದಾರನಾಥದ ಬಾಗಿಲು ಈ ವರ್ಷ ಯಾವತ್ತು ತೆರೆಯುತ್ತದೆ ಅಂತ, ಚಳಿಗಾಲದಲ್ಲಿ ಅದರ ಪೂಜೆ ನಡೆಯುವ ಊಖೀಮಠದಲ್ಲಿ ಘೋಷಿಸುವುದು ಶಿವರಾತ್ರಿಯಂದೇ. ಆಮೇಲೆ ಚಿಕ್ಕಮ್ಮನ ಮಗ, ಆಫೀಸಿನ ಹಳೆಯ ಗೆಳತಿ, ಅವಳ ಅತ್ತಿಗೆ, ಎಲ್ಲರದೂ ಒಂದೇ ಮಾತು. "ಅಪ್ಪನಿಗೆ ಎಪ್ಪತ್ತಾಯ್ತು. ಅಮ್ಮನಿಗೆ ಮಂಡಿನೋವು. ಒಂದ್ಸಲ ಕೇದಾರ ನೋಡಬೇಕು ಅಂತಿದ್ದಾರೆ. ಕರ್ಕೊಂಡು ಹೋಗಬಹುದಾ?"

ಹೋಗಬಹುದು. ಆದರೆ ನಾನು ಮೊದಲು ಕೇಳುವುದು ಮಂಡಿಯ ವಿಷಯ ಅಲ್ಲ, ರಜೆಯ ವಿಷಯ. ಎಷ್ಟು ದಿನ ಇಟ್ಟುಕೊಂಡು ಹೊರಟಿದ್ದೀರಿ?

ಕೇದಾರ ಇರುವುದು 3,583 ಮೀಟರ್ ಎತ್ತರದಲ್ಲಿ. ನಡಿಗೆ ಶುರುವಾಗುವ ಗೌರೀಕುಂಡವೇ ಸುಮಾರು 1,980 ಮೀಟರ್. ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅಂದರೆ ನಮ್ಮ ಬೆಟ್ಟ ಮುಗಿಯುವ ಎತ್ತರದಲ್ಲಿ ಅಲ್ಲಿನ ದಾರಿ ಶುರುವಾಗುತ್ತದೆ. ಅಲ್ಲಿಂದ ಇನ್ನೂ 1,600 ಮೀಟರ್ ಮೇಲೆ ಹತ್ತಬೇಕು. ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಮೂರನೇ ಎರಡು ಭಾಗ ಅಷ್ಟೇ. ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಇದಕ್ಕೆ ಹೊಂದಿಕೊಳ್ಳಲು ದೇಹಕ್ಕೆ ಸಮಯ ಬೇಕು. ವಯಸ್ಸಾದವರಿಗಷ್ಟೇ ಅಲ್ಲ, ದಿನಾ ಜಿಮ್‌ಗೆ ಹೋಗುವ ಮಗನಿಗೂ ಬೇಕು.

ಇಲ್ಲಿ ದೇವರ ಲೆಕ್ಕವನ್ನೇ ನೋಡಿ. ಚಳಿಗಾಲದ ಆರು ತಿಂಗಳು ಕೇದಾರ ಹಿಮದಲ್ಲಿ ಮುಚ್ಚಿರುತ್ತದೆ. ಆಗ ಪಂಚಮುಖಿ ಉತ್ಸವಮೂರ್ತಿ ಕೆಳಗೆ ಊಖೀಮಠದ ಓಂಕಾರೇಶ್ವರ ದೇವಸ್ಥಾನದಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಅದನ್ನು ಡೋಲಿಯಲ್ಲಿ ಹೊತ್ತು ಮೇಲೆ ಕರೆದೊಯ್ಯುತ್ತಾರೆ. ಈಚಿನ ವರ್ಷಗಳಲ್ಲಿ ಮೊದಲ ರಾತ್ರಿ ಗುಪ್ತಕಾಶಿ, ಎರಡನೆಯದು ಫಾಟಾ, ಮೂರನೆಯದು ಗೌರೀಕುಂಡ. ನಾಲ್ಕನೇ ದಿನ ಕೇದಾರ. ಹೊರುವವರು ಅಲ್ಲೇ ಹುಟ್ಟಿ ಬೆಳೆದ ಬೆಟ್ಟದ ಜನ. ಆದರೂ ಮೂರು ರಾತ್ರಿ ತಂಗಿ ಹತ್ತುತ್ತಾರೆ. ನಾವೋ ಬೆಂಗಳೂರಲ್ಲಿ ವಿಮಾನ ಹತ್ತಿ, ಮರುದಿನ ಸಂಜೆಗೆ ದರ್ಶನ ಅಂತ ಟಿಕೆಟ್ ಮಾಡಿಸಿರುತ್ತೇವೆ!

ಹಾಗಾಗಿ ನನ್ನ ಸಲಹೆ ಇಷ್ಟೇ: ಡೋಲಿ ತಂಗುವ ಹಾಗೆ ನೀವೂ ತಂಗಿ. ಹರಿದ್ವಾರ ಅಥವಾ ಋಷಿಕೇಶದಿಂದ ಹೊರಟ ದಿನ ಗುಪ್ತಕಾಶಿಗೆ ಬಂದರೆ ಸಾಕು. ಮರುದಿನ ಅಲ್ಲೇ ಇರಿ. ವಿಶ್ವನಾಥನ ಗುಡಿ ನೋಡಿ, ಮಧ್ಯಾಹ್ನ ಮಲಗಿ. ಸುಮ್ನೆ ಕೂತರೂ ಆ ದಿನ ದಂಡ ಅಲ್ಲ. ಆಮೇಲೆ ಸೋನಪ್ರಯಾಗ. ಸ್ವಂತ ಗಾಡಿ, ಬಾಡಿಗೆ ಗಾಡಿ ಎಲ್ಲ ಅಲ್ಲಿಗೇ ನಿಲ್ಲಬೇಕು. ಅಲ್ಲಿಂದ ಗೌರೀಕುಂಡಕ್ಕೆ ಐದು ಕಿಲೋಮೀಟರ್ ಶೇರ್ ಜೀಪು.

ಇನ್ನು ಮಂಡಿ. ಗೌರೀಕುಂಡದಿಂದ ದಾರಿ ಮೊದಲು ಸುಮಾರು 14 ಕಿಲೋಮೀಟರ್ ಇತ್ತು. 2013ರ ಜೂನ್‌ನಲ್ಲಿ ಚೋರಾಬಾರಿ ಕೆರೆ ಒಡೆದು ಬಂದ ಪ್ರವಾಹದಲ್ಲಿ ರಾಮಬಾಡಾ ಅನ್ನುವ ತಂಗುದಾಣವೇ ಕೊಚ್ಚಿಹೋಯಿತು. ಈಗಿನ ದಾರಿ ಮಂದಾಕಿನಿಯನ್ನು ದಾಟಿ ಆಚೆ ದಡದಲ್ಲಿ ಲಿಂಚೋಲಿಯ ಮೇಲೆ ಸುತ್ತಿ ಹೋಗುತ್ತದೆ. ಸುಮಾರು 16 ಕಿಲೋಮೀಟರ್. ಕೊನೆಯ ಭಾಗ ಕಡಿದು. ನಡೆಯಲಾರದವರಿಗೆ ನಾಲ್ಕು ಜನ ಹೊರುವ ಪಾಲ್ಕಿ ಇದೆ. ಒಬ್ಬರೇ ಬೆನ್ನಿಗೆ ಬುಟ್ಟಿ ಕಟ್ಟಿ ಹೊರುವ ಕಂಡಿ ಇದೆ, ಅದು ಮೈ ಹಗುರ ಇರುವವರಿಗೆ. ಅಮ್ಮಂದಿರು ಮೊದಲು "ಅಯ್ಯೋ, ಇನ್ನೊಬ್ಬರ ಬೆನ್ನ ಮೇಲೆ ಕೂರೋದಾ?" ಅಂತ ಮುಜುಗರಪಡುತ್ತಾರೆ. ಹೊರುವವರು ಹೆಚ್ಚಿನವರು ನೇಪಾಳದಿಂದ ಬಂದವರು. ಆರು ತಿಂಗಳ ಈ ದುಡಿಮೆ ನಂಬಿಕೊಂಡೇ ಅಷ್ಟು ದೂರದಿಂದ ಬಂದಿರುತ್ತಾರೆ. ದರ ನಿಗದಿಯಾಗಿರುತ್ತದೆ, ಕೌಂಟರಿನಲ್ಲಿ ಚೀಟಿ ಮಾಡಿಸಿ. ದಾರಿಯಲ್ಲಿ ಚೌಕಾಸಿ ಬೇಡ, ಚಹಾ-ಊಟ ಕೊಡಿಸಿ.

ಕುದುರೆ ಅಂತ ಎಲ್ಲರೂ ಹೇಳುವುದು ನಿಜಕ್ಕೂ ಹೇಸರಗತ್ತೆ. ಮಂಡಿನೋವಿನವರಿಗೆ ನಾನು ಅದನ್ನು ಹೇಳುವುದಿಲ್ಲ. ಹತ್ತುವಾಗ ಹೇಗೋ ಆಗುತ್ತದೆ. ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಬೆನ್ನು, ಸೊಂಟ ಎರಡೂ ಕುಲುಕಿ ಹೋಗುತ್ತದೆ. ಆ ಪ್ರಾಣಿಗಳ ಪಾಡು ನೋಡಿದರೆ ಬೇರೆ ಕಾರಣವೂ ಬೇಕಾಗಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಆ ಕಡೆಯಿಂದ ಬರುವ ಮಾತು: "ಹೆಲಿಕಾಪ್ಟರ್ ಇದೆಯಲ್ಲ?" ಇದೆ. ಗುಪ್ತಕಾಶಿ, ಫಾಟಾ, ಸಿರ್ಸಿ ಮೂರು ಕಡೆಯಿಂದ ಹಾರುತ್ತದೆ. (ಸಿರ್ಸಿ ಅಂದರೆ ಅಲ್ಲೊಂದು ಊರು. ನಮ್ಮ ಶಿರಸಿ ಅಲ್ಲ!) ಟಿಕೆಟ್ ಐಆರ್‌ಸಿಟಿಸಿಯ ಹೆಲಿಯಾತ್ರಾ ಜಾಲತಾಣದಲ್ಲಿ ಮಾತ್ರ. ವಾಟ್ಸಾಪಲ್ಲಿ ಮಾರುವವರಿಗೆ ದುಡ್ಡು ಕಳಿಸಬೇಡಿ. ಆದರೆ ಹೆಲಿಕಾಪ್ಟರ್ ಕಾಲಿಗೆ ಉಪಕಾರ ಮಾಡುತ್ತದೆ, ಉಸಿರಿಗಲ್ಲ. ಫಾಟಾದಿಂದ ಹತ್ತು ನಿಮಿಷದೊಳಗೆ ಮೂರೂವರೆ ಸಾವಿರ ಮೀಟರಿಗೆ ಎತ್ತಿ ಇಳಿಸಿಬಿಡುತ್ತದೆ. ಬೆಳಿಗ್ಗೆ ಹೋಗಿ ದರ್ಶನ ಮಾಡಿ ಬೇಗ ಇಳಿದವರಿಗೆ ಅಷ್ಟು ತೊಂದರೆ ಕಾಣುವುದಿಲ್ಲ. ಮೋಡ ಮುಚ್ಚಿ ವಾಪಸ್ ಹಾರಾಟ ನಿಂತರೆ? ರಾತ್ರಿ ಮೇಲೆಯೇ ಉಳಿಯಬೇಕು. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಆಗ ಶುರುವಾಗುತ್ತದೆ. ಕಣಿವೆ ಕಿರಿದು, ಹವಾ ಕ್ಷಣಕ್ಕೊಂದು ಥರ. 2022ರ ಅಕ್ಟೋಬರಿನಲ್ಲಿ, ಮತ್ತೆ 2025ರ ಜೂನ್‌ನಲ್ಲಿ ಆದ ಅಪಘಾತಗಳಲ್ಲಿ ಏಳೇಳು ಜನ ಹೋದರು. ಹೆದರಿಸಲು ಹೇಳುತ್ತಿಲ್ಲ. ಹವಾ ಸರಿಯಿಲ್ಲ ಅಂತ ಹಾರಾಟ ರದ್ದು ಮಾಡಿದಾಗ ಜಗಳಕ್ಕೆ ನಿಲ್ಲಬೇಡಿ ಅಂತ ಹೇಳುತ್ತಿದ್ದೇನೆ. ಸೋನಪ್ರಯಾಗದಿಂದ ರೋಪ್‌ವೇ ಕಟ್ಟಲು 2025ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಎಂಟೊಂಬತ್ತು ಗಂಟೆಯ ದಾರಿ 36 ನಿಮಿಷಕ್ಕೆ ಇಳಿಯುತ್ತದಂತೆ. ಆಗಲೂ ನನ್ನ ಮಾತು ಇದೇ.

ಹೃದಯದ ತೊಂದರೆ, ಅಸ್ತಮಾ ಇದ್ದರೆ ಮೊದಲು ನಿಮ್ಮ ಡಾಕ್ಟರ ಹತ್ತಿರ ಹೋಗಿ. ಎತ್ತರಕ್ಕೆ ಅಂತ ಯಾರೋ ಹೇಳಿದ ಮಾತ್ರೆ ಅವರನ್ನು ಕೇಳದೆ ನುಂಗಿಸಬೇಡಿ. ಮೇಲೆ ಹೋದಮೇಲೆ ಅಪ್ಪ ತಡವರಿಸಿ ಮಾತಾಡಿದರೆ, ಕೂತಲ್ಲೇ ಏದುಸಿರು ಬಂದರೆ ದರ್ಶನದ ಸಾಲು ಬಿಟ್ಟು ಕೆಳಗೆ ಇಳಿಸಿ. ಬೆಳಗಾಗಲಿ ಅಂತ ಕಾಯಬಾರದು.

ಜುಲೈ, ಆಗಸ್ಟ್ ಬೇಡವೇ ಬೇಡ. 2024ರ ಜುಲೈ 31ರ ರಾತ್ರಿಯ ಮಳೆಗೆ ದಾರಿ ಅಲ್ಲಲ್ಲಿ ಕೊಚ್ಚಿಹೋಗಿ ಸಾವಿರಾರು ಜನ ಸಿಕ್ಕಿಬಿದ್ದಿದ್ದರು. ಮೇ ತಿಂಗಳಲ್ಲಿ ವಿಪರೀತ ಜನ. ನನಗೆ ಇಷ್ಟ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಚಳಿ ಜಾಸ್ತಿ, ಆದರೆ ಆಕಾಶ ತಿಳಿಯಾಗಿರುತ್ತದೆ. ನಮ್ಮ ಬಲಿಪಾಡ್ಯಮಿಯ ಮರುದಿನದ ಹೊತ್ತಿಗೆ ಬಾಗಿಲು ಮುಚ್ಚುತ್ತದೆ.

ಮೇಲೆ ಒಂದು ರಾತ್ರಿ ಉಳಿಯುವ ಶಕ್ತಿ ಇದ್ದರೆ ಉಳಿಯಿರಿ. ಬೂದು ಕಲ್ಲಿನ ದೊಡ್ಡ ದೊಡ್ಡ ಚಪ್ಪಡಿಗಳ ಗುಡಿ. ಎದುರಿಗೆ ನಂದಿ. ಒಳಗೆ ಮಂಟಪದಲ್ಲಿ ಪಾಂಡವರು, ದ್ರೌಪದಿ. ಲಿಂಗ ನಾವು ನೋಡಿದ ಹಾಗೆ ಉರುಟಾಗಿಲ್ಲ, ಗೂಳಿಯ ಡುಬ್ಬದಂತೆ ಮುಮ್ಮೂಲೆಯ ಬಂಡೆ. ಬೆಳಿಗ್ಗೆ ಅದಕ್ಕೆ ಕೈಯಾರೆ ತುಪ್ಪ ಸವರಬಹುದು. ಜನ ಜಾಸ್ತಿ ಇದ್ದರೆ ಅಷ್ಟು ಒಳಗೆ ಬಿಡುವುದಿಲ್ಲ. ಗುಡಿಯ ಹಿಂದೆ 2013ರ ಪ್ರವಾಹದಲ್ಲಿ ಉರುಳಿ ಬಂದು ನಿಂತ ಭೀಮಶಿಲೆ. ನೀರು ಎರಡಾಗಿ ಸೀಳಿ ಹೋಗಿ ಗುಡಿ ಉಳಿದದ್ದು ಅದರಿಂದ. ಅಲ್ಲೇ ಶಂಕರಾಚಾರ್ಯರ 12 ಅಡಿಯ ವಿಗ್ರಹ ಇದೆ. ಕೆತ್ತಿದವರು ಮೈಸೂರಿನ ಅರುಣ್ ಯೋಗಿರಾಜ್.

ಇಷ್ಟೆಲ್ಲ ಕೇಳಿಯೂ ಡಾಕ್ಟರು ಬೇಡ ಅಂದರೆ? ಆಗ ನಾನು ಹೇಳುವುದು ಊಖೀಮಠ. ಅದರ ಎತ್ತರ ಸುಮಾರು 1,300 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗು. ನವೆಂಬರಿನಿಂದ ಏಪ್ರಿಲ್‌ವರೆಗೆ ಕೇದಾರನಾಥನ ಪೂಜೆ ನಡೆಯುವುದೇ ಅಲ್ಲಿ. ಪಂಚಕೇದಾರಗಳಲ್ಲಿ ಇನ್ನೊಬ್ಬನಾದ ಮದ್ಮಹೇಶ್ವರನೂ ಚಳಿಗಾಲಕ್ಕೆ ಅಲ್ಲಿಗೇ ಬರುತ್ತಾನೆ. ನಮ್ಮವರಿಗೆ ಈ ಊರು ಬೇರೆ ಕಾರಣಕ್ಕೂ ಹತ್ತಿರ. ಬಾಳೆಹೊನ್ನೂರು, ನಮ್ಮ ಕರ್ನಾಟಕದ್ದೇ ಆದ ಉಜ್ಜಯಿನಿಗಳ ಜೊತೆ ಎಣಿಸುವ ವೀರಶೈವ ಪಂಚಪೀಠಗಳಲ್ಲಿ ಕೇದಾರಪೀಠ ಇರುವುದು ಇಲ್ಲೇ. ಕೇದಾರದ ರಾವಲ್, ಅಂದರೆ ಗುಡಿಯ ಮುಖ್ಯ ಗುರು, ಆಗುವವರು ವೀರಶೈವ ಜಂಗಮರು, ಹೆಚ್ಚಾಗಿ ಕರ್ನಾಟಕದ ಕಡೆಯವರು. ರಾವಲರು ತಾವೇ ಪೂಜೆ ಮಾಡುವುದಿಲ್ಲ, ಅವರ ಅಪ್ಪಣೆಯಂತೆ ಅರ್ಚಕರು ಮಾಡುತ್ತಾರೆ.

"ಅದು ಕೇದಾರ ನೋಡಿದ ಹಾಗೆ ಆಗುತ್ತಾ?" ಅಂತ ಕೆಲವರು ರಾಗ ಎಳೆಯುತ್ತಾರೆ. ಬೆಟ್ಟ ನೋಡಿದ ಹಾಗೆ ಆಗುವುದಿಲ್ಲ, ನಿಜ. ಆದರೆ ಮೇಲೆ ನೂಕುನುಗ್ಗಲಿನಲ್ಲಿ ಅರೆಗಳಿಗೆ ಸಿಗುವ ದೇವರು ಇಲ್ಲಿ ಜನವರಿಯ ಬಿಸಿಲಲ್ಲಿ ಖಾಲಿ ಅಂಗಳದಲ್ಲಿ ಸಿಗುತ್ತಾನೆ. ಅಮ್ಮ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ರುದ್ರಪ್ರಯಾಗದ ಕಡೆಯಿಂದಲೇ ಹೋಗಿ. ಚಮೋಲಿಯಿಂದ ಚೋಪ್ತಾ ಮೇಲೆ ಬರುವ ರಸ್ತೆ ಹಿಮ ಬಿದ್ದರೆ ಮುಚ್ಚಿರುತ್ತದೆ.