ಅಂಚಿನ ಕುದುರೆ

ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನ್‌ನಲ್ಲಿ ದಸ್ತೂರಿ ನಾಕಾ ದಾಟಿದ್ರೆ ಕಾರಿಲ್ಲ, ಬೈಕಿಲ್ಲ. ಕೆಂಪು ಧೂಳು, ಕುದುರೆ, ಕೋತಿ.

ಮಗಳಿಗೊಂದು, ಅಪ್ಪನಿಗೊಂದು ಕುದುರೆ ಮಾಡಿಕೊಟ್ಟೆ. ಅಮ್ಮ ಮಾತ್ರ "ನನ್ ಕಾಲು ಇನ್ನೂ ಗಟ್ಟಿ ಇದಾವೆ" ಅಂತ ಸೆರಗು ಸಿಕ್ಕಿಸಿ ನಡೆದೇಬಿಟ್ಟಳು.

ಅಪ್ಪನ ಕುದುರೆ ಅಷ್ಟಗಲ ದಾರಿ ಬಿಟ್ಟು ಕಣಿವೆಯ ಅಂಚಲ್ಲೇ ಹೆಜ್ಜೆ ಹಾಕ್ತಿತ್ತು. ಅಪ್ಪ ಜೀನಿನ ಹಿಡಿ ಗಟ್ಟಿಯಾಗಿ ಹಿಡಿದು ರಾಮ ರಾಮ ಶುರು ಮಾಡಿದ್ರು.

ಕುದುರೆಯವನು ನಕ್ಕ. ಮೊದಲು ಗ್ಯಾಸ್ ಸಿಲಿಂಡರ್ ಹೊರ್ತಿತ್ತಂತೆ. ಒಳಬದಿಗೆ ನಡೆದ್ರೆ ಬಂಡೆಗೆ ಬಡೀತಿತ್ತಂತೆ.

ಹೇರು ಇಳಿಸಿ ವರ್ಷಗಳಾದವು. ಬೆನ್ನಿಗೆ ಮಾತ್ರ ಅದರ ಅಗಲ ಮರೆತಿಲ್ಲ.

ರಿಟೈರ್ ಆಗಿ 6 ವರ್ಷ ಆಯ್ತು, ಅಪ್ಪ ಇವತ್ತೂ ಐದಕ್ಕೇ ಎದ್ದು, ಶೇವ್ ಮಾಡಿ, ಇನ್‌ಶರ್ಟ್ ಹಾಕ್ಕೊಂಡು ಹೋಟೆಲ್ ರೂಮಲ್ಲಿ ಕೂತಿದ್ರು.